ಚಕ್ರವ್ಯೂಹದ ಹಾದಿಯಲ್ಲಿ ನಾಯಿ: ಭಕ್ತಿಯೋ, ಶಕ್ತಿಯೋ, ಬರೀ ಆಟವೋ?

ಹುಲ್ಲುಹಾಸಿನ ಮೇಲೆ ಕಲ್ಲು ಜೋಡಿಸಿ ಮಾಡಿದ ದೊಡ್ಡದೊಂದು ಸುತ್ತುಹಾದಿ. ಅದರೊಳಗೆ ಒಂದು ನಾಯಿ ಒಂದೂ ತಿರುವು ತಪ್ಪದೆ ನಡೆದು ನಡುವಿನವರೆಗೆ ಹೋಗುತ್ತದೆ. ಹಿನ್ನೆಲೆಯಲ್ಲಿ ಕೊಳಲಿನ ನಾದ. ಕೆಳಗೆ ಬರಹ: “ಮನುಷ್ಯರಿಗೆ ಕಾಣದ ಶಕ್ತಿ ಮೂಕ ಪ್ರಾಣಿಗಳಿಗೆ ಕಾಣುತ್ತದೆ. ತಪ್ಪದೆ ಎಲ್ಲರಿಗೂ ಕಳುಹಿಸಿ.” ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು.

ಇದರ ಜೊತೆಗೆ ಇನ್ನೊಂದು ಬಗೆಯ ವಿಡಿಯೋಗಳೂ ಹರಿದಾಡುತ್ತವೆ. ಅದರಲ್ಲಿ ನಾಯಿಯೋ ಬೇರೆ ಪ್ರಾಣಿಯೋ ಒಂದು ಕಂಬದ ಸುತ್ತ, ಗುಡಿಯ ಸುತ್ತ ಅಥವಾ ಬಯಲಿನಲ್ಲೇ ಗಂಟೆಗಟ್ಟಲೆ ಸುತ್ತುತ್ತಿರುತ್ತದೆ. “ಪ್ರದಕ್ಷಿಣೆ ಹಾಕುತ್ತಿದೆ ನೋಡಿ” ಎಂದು ಬರೆದಿರುತ್ತಾರೆ.

ಎರಡೂ ನೋಡಲು ಒಂದೇ ತರಹ. ಆದರೆ ಮೊದಲನೆಯದು ನಕ್ಕು ನೋಡಬಹುದಾದ ಸಂಗತಿ. ಎರಡನೆಯದರಲ್ಲಿ ಆ ಪ್ರಾಣಿಗೆ ತುರ್ತಾಗಿ ಪಶುವೈದ್ಯರು ಬೇಕಾಗಿರಬಹುದು. ಈ ವ್ಯತ್ಯಾಸವನ್ನು ಗುರುತಿಸುವುದು ಹೇಗೆ ಎಂದು ಇಲ್ಲಿ ನೋಡೋಣ.

ಚಿಕ್ಕ ಉತ್ತರ

ನೆಲದ ಮೇಲಿನ ಸುತ್ತುಹಾದಿಯ ಗೆರೆಗಳಿಗೆ ನಾಯಿಯ ಲೋಕದಲ್ಲಿ ಅರ್ಥವಿಲ್ಲ. ಅದು ವಾಸನೆಯನ್ನೂ ತನ್ನ ಮನೆಯವರನ್ನೂ ಹಿಂಬಾಲಿಸುತ್ತದೆ. ಆರೋಗ್ಯವಾಗಿರುವ ನಾಯಿಯನ್ನು ಬಿಟ್ಟುಬಿಟ್ಟರೆ ಗೆರೆ ದಾಟಿ, ಅಡ್ಡ ಹಾಯ್ದು, ಮೂಸಿ, ಓಡಿ ಆಡುತ್ತದೆ. ಯಾರೂ ಕರೆಯದೆ, ಎಲ್ಲೂ ನಿಲ್ಲದೆ, ಒಂದೇ ದಿಕ್ಕಿಗೆ ಸುತ್ತುತ್ತಲೇ ಇರುವ ನಾಯಿಗೆ ಕಿವಿಯ ಒಳಭಾಗದ ಅಥವಾ ಮೆದುಳಿನ ತೊಂದರೆ ಇರುವ ಸಾಧ್ಯತೆ ಇದೆ.

ಲ್ಯಾಬಿರಿಂತ್ ಅಂದರೆ ಏನು?

ಮಕ್ಕಳ ಪತ್ರಿಕೆಗಳಲ್ಲಿ “ಇಲಿಗೆ ದಾರಿ ತೋರಿಸಿ” ಎಂಬ ಆಟ ಬರುತ್ತದಲ್ಲ, ಅದರಲ್ಲಿ ಹತ್ತಾರು ಕವಲು ದಾರಿಗಳು ಇರುತ್ತವೆ. ಕೆಲವು ಮುಂದೆ ಹೋಗಿ ಮುಚ್ಚಿಕೊಳ್ಳುತ್ತವೆ. ಅದನ್ನು ಇಂಗ್ಲಿಷಿನಲ್ಲಿ ಮೇಜ್ ಎನ್ನುತ್ತಾರೆ. ನಡೆಯಲೆಂದು ಮಾಡುವ ಲ್ಯಾಬಿರಿಂತ್ ಹಾಗಲ್ಲ. ಅದರಲ್ಲಿ ಕವಲು ಇಲ್ಲ, ಮುಚ್ಚಿದ ದಾರಿ ಇಲ್ಲ. ಒಂದೇ ಹಾದಿ ಮಡಚಿಕೊಂಡು, ಹಿಂದಕ್ಕೆ ಮುಂದಕ್ಕೆ ತಿರುಗಿ, ಕೊನೆಗೆ ನಡುವಿಗೆ ಮುಟ್ಟಿಸುತ್ತದೆ. ಬಂದ ಹಾದಿಯಲ್ಲೇ ಹಿಂದಿರುಗಿದರೆ ಹೊರಗೆ ಬರುತ್ತೀರಿ. ಹಾಗಾಗಿ ಇದರಲ್ಲಿ ದಾರಿ ತಪ್ಪುವ ಭಯವೇ ಇಲ್ಲ. ಮೊದಲ ಬಗೆಯ ಫಾರ್ವರ್ಡ್ ಇಲ್ಲಿಯೇ ಅರ್ಧ ಸೋಲುತ್ತದೆ. ಒಂದೇ ಹಾದಿ ಇರುವಲ್ಲಿ “ಸರಿಯಾದ ದಾರಿ ಕಂಡುಹಿಡಿದ ನಾಯಿ” ಎಂಬ ಮಾತಿಗೆ ಅರ್ಥವಿಲ್ಲ.

ಈ ವಿನ್ಯಾಸ ತುಂಬ ಹಳೆಯದು. ಗ್ರೀಸಿನ ಪೈಲೋಸ್ ಅರಮನೆಯಲ್ಲಿ ಸಿಕ್ಕ, ಕ್ರಿಸ್ತಪೂರ್ವ 1200ರ ಆಸುಪಾಸಿನ ಮಣ್ಣಿನ ಫಲಕವೊಂದರ ಹಿಂಬದಿಯಲ್ಲಿ ಯಾರೋ ಲ್ಯಾಬಿರಿಂತ್ ಗೀಚಿದ್ದಾರೆ. ಅದೇ ಫಲಕದ ಮುಂಬದಿಯಲ್ಲಿ ಇರುವುದು ಆಡುಗಳ ಲೆಕ್ಕ. ಫ್ರಾನ್ಸಿನ ಶಾರ್ತ್ರ್ ಚರ್ಚಿನ ನೆಲದಲ್ಲಿ 13ನೇ ಶತಮಾನದ ಆರಂಭದಲ್ಲಿ ಕಲ್ಲು ಹಾಸಿ ಮಾಡಿದ ಲ್ಯಾಬಿರಿಂತ್‌ಗೆ 11 ಸುತ್ತುಗಳಿವೆ. ಅಡ್ಡಳತೆ ಸುಮಾರು 13 ಮೀಟರ್. ಆದರೆ ಒಳಗೆ ನಡೆಯಬೇಕಾದ ದೂರ 260 ಮೀಟರಿನಷ್ಟು. ಇಂಗ್ಲೆಂಡಿನ ಸ್ಯಾಫ್ರನ್ ವಾಲ್ಡನ್ ಪಟ್ಟಣದ ಬಯಲಿನಲ್ಲಿ ಹುಲ್ಲು ಕತ್ತರಿಸಿ, ಇಟ್ಟಿಗೆ ಹಾಕಿ ಮಾಡಿದ 17 ಸುತ್ತಿನ ಹಾದಿ ಇದೆ. ಅದರಲ್ಲಿ ನಡೆದರೆ ಒಂದೂವರೆ ಕಿಲೋಮೀಟರ್ ಆಗುತ್ತದೆ. ಸ್ವೀಡನ್ನಿನ ಕರಾವಳಿಯ ಉದ್ದಕ್ಕೂ ದುಂಡುಕಲ್ಲು ಜೋಡಿಸಿದ ನೂರಾರು ಲ್ಯಾಬಿರಿಂತ್‌ಗಳಿವೆ. ಕೆಟ್ಟ ಗಾಳಿಯನ್ನು ಅದರೊಳಗೆ ಸಿಕ್ಕಿಸಿ ಬೆಸ್ತರು ಕಡಲಿಗೆ ಇಳಿಯುತ್ತಿದ್ದರು ಎಂಬ ಕಥೆ ಅಲ್ಲಿ ಇದೆ.

ನಮ್ಮ ಕಡೆಗೂ ಇದು ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಶಿಲ್ಪಪಟ್ಟಿಕೆಯಲ್ಲಿ ಅಭಿಮನ್ಯು ನುಗ್ಗುವ ಚಕ್ರವ್ಯೂಹವನ್ನು ಕೆತ್ತಿರುವುದು ಇಂಥ ಸುತ್ತುಹಾದಿಯ ರೂಪದಲ್ಲೇ. ಅಭಿಮನ್ಯುವಿಗೆ ಒಳಗೆ ಹೋಗಲು ಗೊತ್ತಿತ್ತು, ಹೊರಬರಲು ಗೊತ್ತಿರಲಿಲ್ಲ ಎಂಬ ಕಥೆ ನಮಗೆಲ್ಲ ಗೊತ್ತು. ಆದರೆ ಉದ್ಯಾನಗಳಲ್ಲಿರುವ ಲ್ಯಾಬಿರಿಂತ್‌ನಲ್ಲಿ ಆ ಕಷ್ಟ ಇಲ್ಲ. ಅಡ್ಡ ನಿಂತ ಸೈನಿಕರೂ ಇಲ್ಲ, ಗೋಡೆಯೂ ಇಲ್ಲ. ಪಾದದ ಎತ್ತರದ ಕಲ್ಲು, ಇಟ್ಟಿಗೆ ಅಥವಾ ಬಣ್ಣದ ಗೆರೆ ಮಾತ್ರ.

ನಾಯಿಯ ಕಣ್ಣಿಗೆ ಆ ಗೆರೆ ಹೇಗೆ ಕಾಣುತ್ತದೆ?

ನಾಯಿಗೆ ಪ್ರಪಂಚ ಬರೀ ಕಪ್ಪು ಬಿಳುಪು ಎನ್ನುವುದು ಹಳೆಯ ತಪ್ಪು ನಂಬಿಕೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ನಾಯಿಯ ಕಣ್ಣಿನಲ್ಲಿ ಎರಡು ಬಗೆ. 1989ರಲ್ಲಿ ಅಮೆರಿಕದ ಸಂಶೋಧಕರು ನಾಯಿಗಳಿಗೆ ಬಣ್ಣದ ದೀಪಗಳನ್ನು ತೋರಿಸಿ ಮಾಡಿದ ಪ್ರಯೋಗದಿಂದ ಇದು ಸ್ಪಷ್ಟವಾಯಿತು. ನೀಲಿ ಮತ್ತು ಹಳದಿ ನಾಯಿಗೆ ಬೇರೆ ಬೇರೆಯಾಗಿ ಕಾಣುತ್ತವೆ. ಕೆಂಪು ಮತ್ತು ಹಸಿರು ಮಾತ್ರ ಹೆಚ್ಚುಕಡಿಮೆ ಒಂದೇ ಮಾಸಲು ಬಣ್ಣವಾಗಿ ಕಾಣುತ್ತವೆ.

ಈಗ ಹಸಿರು ಹುಲ್ಲಿನ ನಡುವೆ ಕೆಂಪು ಇಟ್ಟಿಗೆಯ ಹಾದಿಯನ್ನು ನೆನೆಸಿಕೊಳ್ಳಿ. ನಮಗೆ ಅದು ಎದ್ದು ಕಾಣುತ್ತದೆ. ನಾಯಿಗೆ ಬಣ್ಣದಿಂದ ಬರುವ ಆ ಸುಳಿವು ಬಹುಪಾಲು ಇಲ್ಲ. ಬೆಳಕು, ನೆರಳು, ಕಾಲಡಿಯ ಒರಟುತನದಿಂದ ಇಟ್ಟಿಗೆ ಬೇರೆ, ಹುಲ್ಲು ಬೇರೆ ಎಂದು ತಿಳಿದೀತು, ಅಷ್ಟೆ. ಕಣ್ಣಿನ ಸ್ಪಷ್ಟತೆಯೂ ನಾಯಿಗೆ ನಮಗಿಂತ ಕಡಿಮೆ. ನಾವು 75 ಅಡಿ ದೂರದಿಂದ ಗುರುತಿಸುವ ಸೂಕ್ಷ್ಮ ವಿವರವನ್ನು ನೋಡಲು ನಾಯಿ ಸುಮಾರು 20 ಅಡಿ ಹತ್ತಿರ ಬರಬೇಕು.

ಇನ್ನೊಂದು ಮಾತು. ಲ್ಯಾಬಿರಿಂತ್‌ನ ಪೂರ್ತಿ ಆಕಾರ ಕಾಣುವುದು ಮೇಲಿನಿಂದ. ವಿಡಿಯೋದಲ್ಲಿ ಅದು ಅಷ್ಟು ಚಂದ ಕಾಣುವುದು ಡ್ರೋನ್ ಕ್ಯಾಮೆರಾದಿಂದ. ನೆಲದಿಂದ ಒಂದೂವರೆ ಎರಡು ಅಡಿ ಎತ್ತರದಲ್ಲಿರುವ ನಾಯಿಯ ಕಣ್ಣಿಗೆ ಅದು ಅಲ್ಲಲ್ಲಿ ಬಿದ್ದಿರುವ ಕಲ್ಲಿನ ಸಾಲು.

ಹಾಗಾದರೆ ಅದು ಏನನ್ನು ಹಿಂಬಾಲಿಸುತ್ತದೆ?

ಮೊದಲು ಮೂಗನ್ನು. ನಮ್ಮ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಸುಮಾರು 50ರಿಂದ 60 ಲಕ್ಷ. ನಾಯಿಗಳಲ್ಲಿ, ತಳಿಯನ್ನು ನೋಡಿಕೊಂಡು, 10 ಕೋಟಿಯಿಂದ 30 ಕೋಟಿಯವರೆಗೆ ಇರುತ್ತವೆ ಎಂದು ಅಂದಾಜು. ನಾಯಿ ಉಸಿರು ಬಿಡುವಾಗ ಗಾಳಿ ಮೂಗಿನ ಪಕ್ಕದ ಸೀಳಿನಿಂದ ಹೊರಗೆ ಹೋಗುತ್ತದೆ. ಹೀಗಾಗಿ ಮುಂದಿರುವ ವಾಸನೆ ಚದುರುವುದಿಲ್ಲ, ಒಂದೇ ಸಮನೆ ಮೂಸುತ್ತಿರಬಹುದು.

ಸಾರ್ವಜನಿಕ ಉದ್ಯಾನದ ಲ್ಯಾಬಿರಿಂತ್ ಅಂದರೆ ಮೂಗಿಗೆ ಜಾತ್ರೆ. ಬೆಳಿಗ್ಗೆಯಿಂದ ನಡೆದವರ ಹೆಜ್ಜೆ, ಮಗು ಬೀಳಿಸಿದ ಬಿಸ್ಕತ್ತಿನ ಚೂರು, ಅಳಿಲು ಓಡಿದ ಜಾಡು, ಇನ್ನೊಂದು ನಾಯಿ ಮೂಲೆಯ ಕಲ್ಲಿಗೆ ಬಿಟ್ಟುಹೋದ ಗುರುತು, ಎಲ್ಲವೂ ಅಲ್ಲಿ ಇರುತ್ತವೆ. ನೂರಾರು ಜನ ಒಂದೇ ಹಾದಿಯಲ್ಲಿ ನಡೆದಿದ್ದರೆ ವಾಸನೆಯೂ ಆ ಹಾದಿಯಲ್ಲೇ ದಟ್ಟವಾಗಿರುತ್ತದೆ. ನಾಯಿ ಸ್ವಲ್ಪ ದೂರ ಹಾದಿ ಬಿಡದೆ ಹೋದರೆ ಅದಕ್ಕೂ ಒಂದು ಕಾರಣ ಸಿಕ್ಕಿತು.

ಎರಡನೆಯದು, ತನ್ನ ಮನೆಯವರನ್ನು. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸಾಕುನಾಯಿಗಳನ್ನು ತೆರೆದ ಬಯಲಿನಲ್ಲಿ, ಹಗ್ಗ ಕಟ್ಟದೆ, ಮಾಲೀಕರ ಜೊತೆ ಬಿಟ್ಟು ನೋಡಿದರು. ಮಾಲೀಕರು ನಿಂತರೆ ನಾಯಿಗಳೂ ಬಹುಪಾಲು ನಿಂತವು, ನಡೆದರೆ ನಡೆದವು, ಓಡಿದರೆ ಓಡಿದವು. ಯಾರೂ ಆಜ್ಞೆ ಕೊಟ್ಟಿರಲಿಲ್ಲ. ಲ್ಯಾಬಿರಿಂತ್‌ನಲ್ಲಿ ನೀವು ನಿಧಾನವಾಗಿ ನಡೆದರೆ ಪಕ್ಕದಲ್ಲೇ ನಿಮ್ಮ ನಾಯಿ ಗಂಭೀರವಾಗಿ ನಡೆಯುವುದಕ್ಕೆ ಇಷ್ಟು ಸಾಕು. ಅದು “ಧ್ಯಾನ”ವನ್ನಲ್ಲ, ನಿಮ್ಮನ್ನು ನೋಡುತ್ತಿದೆ.

ನಿಜವಾದ ತಡೆ ಎದುರಾದಾಗಲೂ ನಾಯಿ ಮನುಷ್ಯರನ್ನು ನೋಡಿ ಕಲಿಯುತ್ತದೆ. ಹಂಗೇರಿಯ ಸಂಶೋಧಕರು 2001ರಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ಬೇಲಿ ಕಟ್ಟಿ, ಅದರ ಒಳಮೂಲೆಯಲ್ಲಿ ತಿನಿಸು ಇಟ್ಟರು. ಸುತ್ತಿ ಬಳಸಿ ಹೋಗುವುದು ನಾಯಿಗಳಿಗೆ ತಾವಾಗಿಯೇ ಸುಲಭವಾಗಲಿಲ್ಲ. ಒಬ್ಬರು ಬಳಸಿ ಹೋಗುವುದನ್ನು ನೋಡಿದ ಮೇಲೆ ಬೇಗ ಕಲಿತವು. ಲ್ಯಾಬಿರಿಂತ್‌ನಲ್ಲಂತೂ ಬೇಲಿಯೇ ಇಲ್ಲ. ಬಳಸಿ ಹೋಗುವ ಅಗತ್ಯವೇ ಇಲ್ಲದಾಗ ನಾಯಿ ನೇರವಾಗಿ ಹೋಗುತ್ತದೆ. ದಡ್ಡತನದಿಂದ ಅಲ್ಲ, ಹತ್ತಿರದ ದಾರಿ ಅದೇ ಆದ್ದರಿಂದ.

ಮೂರನೆಯದು, ವಿಡಿಯೋ ಮಾಡುವವರ ಕೈ. ಕ್ಯಾಮೆರಾದ ಹೊರಗೆ ಯಾರೋ ಮುಂದೆ ನಡೆಯುತ್ತಿರಬಹುದು, ತಿನಿಸು ತೋರಿಸುತ್ತಿರಬಹುದು, ತಿರುವಿಗೊಂದು ತುಣುಕು ಇಟ್ಟಿರಬಹುದು. ತರಬೇತಿ ಕೊಟ್ಟ ನಾಯಿಗೆ ಇದು ದೊಡ್ಡ ಕೆಲಸವಲ್ಲ. ಹತ್ತು ಸಲ ಗೆರೆ ದಾಟಿ ಓಡಿದ ತುಣುಕುಗಳನ್ನು ಅಳಿಸಿ, ಹನ್ನೊಂದನೇ ಸಲದ್ದನ್ನು ಮಾತ್ರ ಹಾಕಿದರೆ ನಮಗೆ ಗೊತ್ತಾಗುವುದಿಲ್ಲ.

ನಡುವೆ ಇದ್ದಕ್ಕಿದ್ದಂತೆ ಓಡತೊಡಗಿದರೆ?

ಕೆಲವು ವಿಡಿಯೋಗಳಲ್ಲಿ ನಾಯಿ ಲ್ಯಾಬಿರಿಂತ್‌ನ ನಡುವಿಗೆ ಬಂದ ಕೂಡಲೇ ಕಿವಿ ಹಿಂದಕ್ಕೆ ಮಾಡಿ, ಬೆನ್ನು ಬಗ್ಗಿಸಿ, ಸಿಕ್ಕಾಪಟ್ಟೆ ಓಡುತ್ತದೆ. “ಶಕ್ತಿ ತಾಗಿತು” ಎಂಬ ವಿವರಣೆ ಜೊತೆಗೇ ಬರುತ್ತದೆ. ನಾಯಿ ಸಾಕಿದವರಿಗೆಲ್ಲ ಈ ಓಟ ಗೊತ್ತು. ಸ್ನಾನ ಮಾಡಿಸಿದ ಮೇಲೆ, ಸಂಜೆ ಮನೆಯವರು ಬಂದಾಗ, ತುಂಬ ಹೊತ್ತು ಸುಮ್ಮನಿದ್ದ ಮೇಲೆ ಮರಿಗಳು ಮತ್ತು ಎಳೆಯ ನಾಯಿಗಳು ಹೀಗೆ ಒಂದೆರಡು ನಿಮಿಷ ಓಡಿ ಸುಸ್ತಾಗಿ ಬೀಳುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಜೂಮೀಸ್’ ಎಂಬ ಮುದ್ದಿನ ಹೆಸರಿದೆ. ಹಗ್ಗ ಹಿಡಿದು ನಿಧಾನವಾಗಿ ನಡೆಸಿ, ಆಮೇಲೆ ಬಿಟ್ಟರೆ ಹೀಗೆ ಓಡುವುದು ಸಹಜ.

ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ, ಬಾಲ ಅಲ್ಲಾಡಿಸಿದರೆ ಅದು “ಆಡೋಣ ಬಾ” ಎಂಬ ಕರೆ. ವಿಡಿಯೋಗಳಲ್ಲಿ ಇದನ್ನೇ “ನಮಸ್ಕಾರ ಮಾಡಿತು” ಎಂದು ತೋರಿಸುವುದುಂಟು. ನಾಯಿ ಬೇರೆ ನಾಯಿಗಳಿಗೂ ಬೀದಿಯಲ್ಲಿ ಇದೇ “ನಮಸ್ಕಾರ” ಮಾಡುತ್ತದೆ.

ನಾಯಿಗೆ ಭೂಮಿಯ ಕಾಂತಶಕ್ತಿ ತಿಳಿಯುತ್ತದಂತೆ, ಹೌದೇ?

ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಅದಕ್ಕೇ ಇದು ಫಾರ್ವರ್ಡ್‌ಗಳಿಗೆ ಅಷ್ಟು ಅನುಕೂಲ.

2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜೆಕ್ ಮತ್ತು ಜರ್ಮನ್ ಸಂಶೋಧಕರು 37 ತಳಿಗಳ 70 ನಾಯಿಗಳನ್ನು ಎರಡು ವರ್ಷ ಗಮನಿಸಿದರು. ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದ ಹೊತ್ತಿನಲ್ಲಿ ನಾಯಿಗಳು ಮಲವಿಸರ್ಜನೆ ಮಾಡುವಾಗ ಉತ್ತರ–ದಕ್ಷಿಣದ ಸಾಲಿನಲ್ಲಿ ನಿಲ್ಲುವುದು ಹೆಚ್ಚು ಎಂದು ವರದಿ ಮಾಡಿದರು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ 2014ರಲ್ಲಿ ಇದಕ್ಕೆ ಬಂತು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೆಕ್ ಸಂಶೋಧಕರೇ 27 ಬೇಟೆನಾಯಿಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಕಾಡಿನಲ್ಲಿ ಬಿಟ್ಟರು. ಹೊಸ ದಾರಿಯಿಂದ ಹಿಂದಿರುಗಿದ ನಾಯಿಗಳಲ್ಲಿ ಹಲವು ಮೊದಲು ಸುಮಾರು 20 ಮೀಟರ್ ಉತ್ತರ–ದಕ್ಷಿಣವಾಗಿ ಓಡಿ, ಆಮೇಲೆ ಒಡೆಯರ ಕಡೆ ತಿರುಗಿದವು. ಹಾಗೆ ಓಡಿದವು ಬೇಗ ಬಂದು ಮುಟ್ಟಿದವು.

ನಾಯಿಗೆ ದಿಕ್ಸೂಚಿಯಂಥ ಅರಿವು ಇರಬಹುದು ಎಂಬುದಕ್ಕೆ ಇವು ಸುಳಿವು. ದಿಕ್ಕು ತಿಳಿಯುವುದು ಬೇರೆ. ಕಲ್ಲು ಜೋಡಿಸಿದ ಚಿತ್ರದಿಂದ ಶಕ್ತಿ ಹೊರಹೊಮ್ಮುತ್ತದೆ ಎನ್ನುವುದು ಬೇರೆ. ಈ ಎರಡೂ ಅಧ್ಯಯನಗಳಲ್ಲಿ ಲ್ಯಾಬಿರಿಂತ್ ಇರಲಿಲ್ಲ. ಸುತ್ತುಹಾದಿಯ ಆಕಾರಕ್ಕೇ ವಿಶೇಷ ಶಕ್ತಿ ಇದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ನಿಧಾನವಾಗಿ ನಡೆಯುವುದು, ಫೋನ್ ಜೇಬಿನಲ್ಲಿಟ್ಟು ಹೆಜ್ಜೆ ಗಮನಿಸುವುದು ಮನಸ್ಸಿಗೆ ಹಿತ. ಅದಕ್ಕೆ ಲ್ಯಾಬಿರಿಂತ್ ಒಳ್ಳೆಯ ನೆಪ, ಅಷ್ಟೆ.

ಬೆಕ್ಕು ಗೆರೆಯೊಳಗೆ ಕೂರುತ್ತದಲ್ಲ?

ನೆಲದ ಮೇಲೆ ಟೇಪ್ ಅಂಟಿಸಿ ಚೌಕ ಮಾಡಿದರೆ ಬೆಕ್ಕು ಬಂದು ಅದರೊಳಗೆ ಕೂರುವ ವಿಡಿಯೋಗಳೂ ಜನಪ್ರಿಯ. ಇದರಲ್ಲಿ ನಿಜವಿದೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನೆಮನೆಯ ಬೆಕ್ಕು ಮಾಲೀಕರೇ ನೆಲದ ಮೇಲೆ ಕಾಗದದ ಆಕಾರಗಳನ್ನು ಅಂಟಿಸಿ ಪ್ರಯೋಗ ಮಾಡಿದರು. ಪೂರ್ತಿ ಚೌಕದಲ್ಲಿ ಮಾತ್ರವಲ್ಲ, ನಾಲ್ಕು ಮೂಲೆಗಳಷ್ಟೇ ಇದ್ದು ಚೌಕದ ಭ್ರಮೆ ಹುಟ್ಟಿಸುವ ಚಿತ್ರದಲ್ಲೂ ಕೆಲವು ಬೆಕ್ಕುಗಳು ಕುಳಿತವು. ಭಾಗವಹಿಸಿದ ಬೆಕ್ಕುಗಳು ಕಡಿಮೆ, ಕುಳಿತವು ಇನ್ನೂ ಕಡಿಮೆ. ಆದರೂ ಒಂದು ಮಾತು ತಿಳಿಯುತ್ತದೆ: ಬೆಕ್ಕಿಗೆ ಇಕ್ಕಟ್ಟಾದ, ಮೂರು ಕಡೆ ಮರೆ ಇರುವ ಜಾಗ ಇಷ್ಟ. ರಟ್ಟಿನ ಡಬ್ಬದೊಳಗೆ ಕೂರುವುದೂ ಇದಕ್ಕೇ. ಮಂತ್ರಿಸಿದ ವೃತ್ತದಲ್ಲಿ ಸಿಕ್ಕಿಬಿದ್ದದ್ದಲ್ಲ. ಬೇಕೆನಿಸಿದಾಗ ಎದ್ದು ಹೋಗುತ್ತದೆ.

ಎಚ್ಚರ: ನಿಲ್ಲದೆ ಸುತ್ತುವುದು ಕಾಯಿಲೆಯ ಲಕ್ಷಣವಿರಬಹುದು

ಈ ಲೇಖನದಲ್ಲಿ ಒಂದೇ ಭಾಗವನ್ನು ಬೇರೆಯವರಿಗೆ ಕಳುಹಿಸುವುದಾದರೆ ಇದನ್ನು ಕಳುಹಿಸಿ.

ಮಲಗುವ ಮುನ್ನ ಎರಡು ಮೂರು ಸುತ್ತು ಹಾಕುವುದು, ಮಲವಿಸರ್ಜನೆಗೆ ಮುನ್ನ ತಿರುಗುವುದು, ಆಟದಲ್ಲಿ ಬಾಲ ಹಿಡಿಯಲು ಹೋಗುವುದು ನಾಯಿಗೆ ಸಹಜ. ಹೆಸರು ಹಿಡಿದು ಕರೆದರೆ ನಿಲ್ಲಿಸುತ್ತದೆ, ತಿನಿಸು ತೋರಿಸಿದರೆ ಬರುತ್ತದೆ. ಹೀಗಿದ್ದರೆ ಚಿಂತೆ ಬೇಡ.

ಕರೆದರೂ ನಿಲ್ಲದೆ, ಊಟ ನೀರು ಬಿಟ್ಟು, ಒಂದೇ ದಿಕ್ಕಿಗೆ ಸುತ್ತುತ್ತಿದ್ದರೆ ಕಾರಣಗಳು ಇವಿರಬಹುದು:

• ಒಳಕಿವಿಯಲ್ಲಿರುವ ಸಮತೋಲನದ ಅಂಗಕ್ಕೆ ತೊಂದರೆ. ಕಿವಿಯ ಸೋಂಕು ಒಳಗೆ ಇಳಿದಾಗ ಹೀಗಾಗುತ್ತದೆ. ವಯಸ್ಸಾದ ನಾಯಿಗಳಲ್ಲಿ ಸ್ಪಷ್ಟ ಕಾರಣವಿಲ್ಲದೆಯೂ ಇದ್ದಕ್ಕಿದ್ದಂತೆ ಬರಬಹುದು.

• ಮೆದುಳಿನ ಉರಿಯೂತ, ಗಡ್ಡೆ, ಪೆಟ್ಟು ಅಥವಾ ರಕ್ತಸಂಚಾರದ ಅಡಚಣೆ.

• ಡಿಸ್ಟೆಂಪರ್‌ನಂಥ ವೈರಸ್ ಕಾಯಿಲೆ. ಲಸಿಕೆ ಹಾಕಿಸದ ಮರಿಗಳಿಗೆ ಇದರ ಅಪಾಯ ಹೆಚ್ಚು.

• ಯಕೃತ್ತು ಕೆಟ್ಟು ರಕ್ತದಲ್ಲಿ ವಿಷದ ಅಂಶ ಹೆಚ್ಚಾಗುವುದು.

• ಮುದಿ ನಾಯಿಗಳಲ್ಲಿ ಬರುವ ಮರೆವಿನ ಕಾಯಿಲೆ.

• ಬಹಳ ಕಾಲ ಕೂಡಿಹಾಕಿದ್ದರಿಂದ, ಒಂಟಿತನದಿಂದ ಅಂಟಿಕೊಂಡ ಗೀಳು.

ತಲೆ ಒಂದು ಕಡೆಗೆ ವಾಲಿರುವುದು, ಕಣ್ಣುಗುಡ್ಡೆ ತಾನಾಗಿಯೇ ಅತ್ತಿತ್ತ ಅದುರುವುದು, ತೂರಾಡಿ ಬೀಳುವುದು, ವಾಂತಿ, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಸೆಳವು, ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ ಪಶುವೈದ್ಯರಿಗೆ ತೋರಿಸಿ. ಸುತ್ತುವುದನ್ನು ಅರ್ಧ ನಿಮಿಷ ಫೋನಿನಲ್ಲಿ ಚಿತ್ರಿಸಿಕೊಂಡು ಹೋದರೆ ವೈದ್ಯರಿಗೆ ಉಪಯೋಗ. ಆ ವಿಡಿಯೋ ನೋಡಬೇಕಾದವರು ಅವರೇ. ಒಳಕಿವಿಯ ತೊಂದರೆಯಿಂದ ಬಿದ್ದ ಎಷ್ಟೋ ಮುದಿ ನಾಯಿಗಳು ಸರಿಯಾದ ಆರೈಕೆಯಿಂದ ಎರಡು ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಆದ್ದರಿಂದ ಹೆದರಿ ಕೈಬಿಡುವುದೂ ಬೇಡ.

ಕುರಿ, ಆಡು, ದನಗಳಲ್ಲೂ ಇದೇ ಮಾತು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಮೆದುಳಿಗೆ ತಗುಲಿದಾಗ ಅವು ಒಂದೇ ಕಡೆಗೆ ಸುತ್ತುತ್ತವೆ. ಆ ಕಾಯಿಲೆಗೆ ಇಂಗ್ಲಿಷಿನಲ್ಲಿ “ಸುತ್ತುವ ರೋಗ” ಎಂಬ ಅರ್ಥದ ಹೆಸರೇ ಇದೆ. 2022ರ ನವೆಂಬರ್‌ನಲ್ಲಿ ಚೀನಾದ ಒಳ ಮಂಗೋಲಿಯಾದ ಕುರಿಗಳು ದಿನಗಟ್ಟಲೆ ಒಂದೇ ವೃತ್ತದಲ್ಲಿ ಸುತ್ತುತ್ತಿವೆ ಎಂಬ ವಿಡಿಯೋ ಪ್ರಪಂಚವೆಲ್ಲ ಹರಡಿತು. ಪ್ರಳಯದ ಸೂಚನೆ ಎಂದವರೂ ಇದ್ದರು. ಬ್ರಿಟನ್ನಿನ ಕೃಷಿ ಪ್ರಾಧ್ಯಾಪಕರೊಬ್ಬರು ಕೊಟ್ಟ ವಿವರಣೆ ಸರಳವಾಗಿತ್ತು: ಬಹಳ ಕಾಲ ದೊಡ್ಡಿಯಲ್ಲಿ ಕೂಡಿಹಾಕಿದ ಕೆಲವು ಕುರಿಗಳು ಬೇಸರದಿಂದ ಸುತ್ತಲು ಶುರುಮಾಡಿರಬಹುದು, ಹಿಂಡಿನ ಪ್ರಾಣಿಗಳಾದ್ದರಿಂದ ಉಳಿದವು ಸೇರಿಕೊಂಡಿರಬಹುದು.

ಇನ್ನೊಂದು ಮುಖ್ಯ ಮಾತು. ಬೀದಿಯ ಅಥವಾ ಗುಡಿಯ ಬಳಿಯ ನಾಯಿ ವಿಚಿತ್ರವಾಗಿ ವರ್ತಿಸುತ್ತಿದ್ದರೆ ಅದಕ್ಕೆ ರೇಬಿಸ್ ಇರುವ ಸಾಧ್ಯತೆಯನ್ನೂ ಮರೆಯಬಾರದು. ಹತ್ತಿರ ಹೋಗಿ ಮುಟ್ಟಬೇಡಿ, ಹಾರ ಹಾಕಬೇಡಿ, ಮಕ್ಕಳನ್ನು ಬಿಡಬೇಡಿ. ದೂರ ನಿಂತು ಪಶು ಆಸ್ಪತ್ರೆಗೋ ಪ್ರಾಣಿದಯಾ ಸಂಘಟನೆಗೋ ತಿಳಿಸಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರುಮಾಡಿಸಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್ ಬಹುತೇಕ ಯಾವಾಗಲೂ ಪ್ರಾಣ ತೆಗೆಯುತ್ತದೆ. ಸಮಯಕ್ಕೆ ಸರಿಯಾಗಿ ಲಸಿಕೆ ಹಾಕಿಸಿದರೆ ತಡೆಯಬಹುದು.

ನಾಯಿಯನ್ನು ಕರೆದೊಯ್ಯುವುದಾದರೆ

ಆರೋಗ್ಯವಂತ ನಾಯಿಗೆ ಲ್ಯಾಬಿರಿಂತ್ ಒಳ್ಳೆಯ ಆಟದ ಜಾಗ. ಕೆಲವು ವಿಷಯ ನೆನಪಿಟ್ಟುಕೊಂಡರೆ ಸಾಕು.

• ನಾಯಿಗಳಿಗೆ ಪ್ರವೇಶ ಇದೆಯೇ ಎಂದು ಮೊದಲು ಕೇಳಿ. ಬೇರೆಯವರು ಮೌನವಾಗಿ ನಡೆಯುತ್ತಿದ್ದರೆ ಅವರು ಮುಗಿಸುವವರೆಗೆ ಕಾಯಿರಿ.

• ಬಿಸಿಲಿನಲ್ಲಿ ಕಲ್ಲು, ಕಾಂಕ್ರೀಟು ಕಾದಿರುತ್ತವೆ. ನಿಮ್ಮ ಅಂಗೈಯ ಹಿಂಬದಿಯನ್ನು ನೆಲಕ್ಕೆ ಐದಾರು ಸೆಕೆಂಡು ಒತ್ತಿ ಹಿಡಿಯಿರಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಬೆಳಗಿನ ಅಥವಾ ಸಂಜೆಯ ಹೊತ್ತು ಒಳ್ಳೆಯದು.

• ಹಗ್ಗವನ್ನು ತುಂಬ ಬಿಗಿ ಹಿಡಿಯಬೇಡಿ, ತುಂಬ ಉದ್ದವೂ ಬಿಡಬೇಡಿ. ತಿರುವುಗಳಲ್ಲಿ ಉದ್ದದ ಹಗ್ಗ ಕಾಲಿಗೆ ಸುತ್ತಿಕೊಳ್ಳುತ್ತದೆ.

• ಸೊಂಟದ ಅಥವಾ ಮಂಡಿಯ ನೋವಿರುವ ಮುದಿ ನಾಯಿಗೆ ಮೇಲಿಂದ ಮೇಲೆ ತಿರುಗುವುದು ಕಷ್ಟ. ಅದು ಕುಳಿತರೆ ಕೂರಲು ಬಿಡಿ.

• ಕಲ್ಲುಗಳನ್ನು ಸರಿಸಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಕಡಲ ತೀರದ ಲ್ಯಾಂಡ್ಸ್ ಎಂಡ್‌ನಲ್ಲಿ ಕಲಾವಿದ ಎಡುವಾರ್ಡೊ ಅಗಿಲೆರಾ 2004ರಲ್ಲಿ ಕಟ್ಟಿದ ಕಲ್ಲಿನ ಲ್ಯಾಬಿರಿಂತ್ ಅನ್ನು ಕಿಡಿಗೇಡಿಗಳು ಹಲವು ಸಲ ಕೆಡಿಸಿದರು. ಅವರೂ ಸ್ವಯಂಸೇವಕರೂ ಮತ್ತೆ ಮತ್ತೆ ಕಟ್ಟಬೇಕಾಯಿತು.

• ಮಲವನ್ನು ಕಾಗದದಲ್ಲೋ ಚೀಲದಲ್ಲೋ ಎತ್ತಿ ಕಸದಬುಟ್ಟಿಗೆ ಹಾಕಿ. ಹುಲ್ಲಿನಲ್ಲಿ ಆಡಿದ ಮೇಲೆ ಕಿವಿ, ಬೆರಳ ಸಂದುಗಳಲ್ಲಿ ಉಣ್ಣೆ ಹತ್ತಿದೆಯೇ ನೋಡಿ.

ಎಲ್ಲಕ್ಕಿಂತ ಮುಖ್ಯ, ಮೂಸಲು ಬಿಡಿ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವು ನಾಯಿಗಳಿಗೆ ಎರಡು ವಾರ ವಾಸನೆ ಹಿಡಿದು ಹುಡುಕುವ ಆಟ ಆಡಿಸಿದರು; ಇನ್ನು ಕೆಲವಕ್ಕೆ ಮಾಲೀಕರ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ ಮಾಡಿಸಿದರು. ಆಮೇಲೆ ತಿನಿಸು ಇದೆಯೋ ಇಲ್ಲವೋ ಎಂದು ಗೊತ್ತಾಗದ ಜಾಗದಲ್ಲಿ ಬಟ್ಟಲು ಇಟ್ಟರೆ, ಮೂಸುವ ಆಟ ಆಡಿದ ನಾಯಿಗಳು ಮೊದಲಿಗಿಂತ ಬೇಗ ಅದರತ್ತ ಹೋದವು. ಅಂದರೆ ಅವುಗಳ ಮನಸ್ಸು ಹೆಚ್ಚು ಆಸೆಯಿಂದ, ಹುರುಪಿನಿಂದ ಇತ್ತು ಎಂದು ಸಂಶೋಧಕರು ಅರ್ಥ ಮಾಡಿದರು. ಗೆರೆ ತಪ್ಪದೆ ನಡೆಸಲು ಹಗ್ಗ ಜಗ್ಗುವುದಕ್ಕಿಂತ, ಅದು ಒಂದು ಕಲ್ಲನ್ನು ಒಂದು ನಿಮಿಷ ಮೂಸಲು ಬಿಡುವುದು ಮೇಲು.

ಮನೆಯಂಗಳದಲ್ಲೇ ಮಾಡಿ ನೋಡಿ

ಚುಕ್ಕಿ ರಂಗೋಲಿ ಬಲ್ಲವರಿಗೆ ಏಳು ಸುತ್ತಿನ ಲ್ಯಾಬಿರಿಂತ್ ಕಷ್ಟವಲ್ಲ. ಮೊದಲು ಒಂದು ಕೂಡಿಸುವ ಚಿಹ್ನೆ ಹಾಕಿ. ಅದರ ನಾಲ್ಕು ಮೂಲೆಗಳಲ್ಲೂ, ಚಿಹ್ನೆಯ ಒಳಮೂಲೆಯಂಥದೇ ಆಕಾರದಲ್ಲಿ ಒಂದೊಂದು ಚಿಕ್ಕ ಮೂಲೆಗೆರೆ ಎಳೆಯಿರಿ. ಅದರಾಚೆ ಒಂದೊಂದು ಚುಕ್ಕಿ ಇಡಿ. ಈಗ ಗೆರೆಗಳ ತುದಿ ಮತ್ತು ಚುಕ್ಕಿ ಸೇರಿ 16 ಆಗುತ್ತವೆ. ಕೂಡಿಸುವ ಚಿಹ್ನೆಯ ಮೇಲಿನ ತುದಿಯನ್ನು ಅದರ ಬಲಕ್ಕಿರುವ ಮೊದಲ ತುದಿಗೆ ಕಮಾನಿನಂತೆ ಸೇರಿಸಿ. ಆಮೇಲೆ ಎಡಕ್ಕೆ ಉಳಿದಿರುವ ಮುಂದಿನ ತುದಿಯನ್ನು ಬಲಕ್ಕೆ ಉಳಿದಿರುವ ಮುಂದಿನ ತುದಿಗೆ, ಹಿಂದಿನ ಕಮಾನಿನ ಮೇಲಿಂದ ಸೇರಿಸುತ್ತ ಹೋಗಿ. ಎಂಟು ಕಮಾನು ಮುಗಿಯುವ ಹೊತ್ತಿಗೆ ಏಳು ಸುತ್ತಿನ ಹಾದಿ ಸಿದ್ಧ.

ನಾಯಿ ಮೂಸುತ್ತದೆ, ನೆಕ್ಕುತ್ತದೆ. ಆದ್ದರಿಂದ ಸುಣ್ಣದ ಪುಡಿ, ರಾಸಾಯನಿಕ ಬಣ್ಣ ಬೇಡ, ಅಕ್ಕಿಹಿಟ್ಟು ಸಾಕು. ಅಲ್ಲಲ್ಲಿ ಅದಕ್ಕೆ ಒಗ್ಗುವ ತಿನಿಸಿನ ಚೂರು ಇಡಿ. ಮೊದಲ ಕಮಾನು ದಾಟಿ ನೇರ ನಡುವಿಗೆ ಹೋದರೆ ಬೈಯಬೇಡಿ.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

1. ಪ್ರಾಣಿಯ ಹತ್ತಿರ ಯಾರಾದರೂ ಇದ್ದಾರೆಯೇ? ಅದರ ಕಣ್ಣು ಯಾರ ಕಡೆಗೆ ಇದೆ? ಹೆಚ್ಚಿನ “ಪವಾಡ”ಗಳಿಗೆ ಉತ್ತರ ಇಲ್ಲೇ ಸಿಗುತ್ತದೆ.

2. ನಡುನಡುವೆ ನಿಲ್ಲುತ್ತದೆಯೇ, ಮೂಸುತ್ತದೆಯೇ, ದಿಕ್ಕು ಬದಲಿಸುತ್ತದೆಯೇ? ಹೌದಾದರೆ ಆಟ. ಇಲ್ಲವಾದರೆ ಕಾಯಿಲೆ ಇರಬಹುದು.

3. ವಿಡಿಯೋ ಎಲ್ಲಿಯದು, ಯಾವಾಗಿನದು ಎಂದು ಬರೆದಿದೆಯೇ? ಹಳೆಯ ವಿಡಿಯೋಗೆ ಹೊಸ ಊರಿನ ಹೆಸರು ಅಂಟಿಸುವುದು ಸಾಮಾನ್ಯ.

4. ಇದನ್ನು ನಂಬಿ ಯಾರಾದರೂ ನರಳುತ್ತಿರುವ ಪ್ರಾಣಿಯ ಮುಂದೆ ಕೈಮುಗಿದು ಸುಮ್ಮನಾಗುವ ಅಪಾಯ ಇದೆಯೇ? ಇದ್ದರೆ ಕಳುಹಿಸಬೇಡಿ.

ಪ್ರಾಣಿಗಳ ಮೇಲಿನ ಪ್ರೀತಿಯಿಂದಲೇ ನಾವು ಇಂಥ ವಿಡಿಯೋಗಳನ್ನು ಹಂಚುತ್ತೇವೆ. ನಿಲ್ಲದೆ ಸುತ್ತುತ್ತಿರುವ ನಾಯಿಯ ವಿಡಿಯೋ ನಿಮ್ಮ ಗುಂಪಿಗೆ ಬಂದರೆ “ಯಾವ ಊರು? ಡಾಕ್ಟರಿಗೆ ತೋರಿಸಿದರಾ?” ಎಂದು ಕೇಳಿ. ಆ ನಾಯಿಗೆ ಹೆಚ್ಚು ಉಪಕಾರವಾಗುವುದು ಆ ಪ್ರಶ್ನೆಯಿಂದ.